ದೊರೆ ತಲೆಯ ನೋಟಿಗೊಂದು ಚರಮಗೀತೆ

ಮಸ್ಕತ್ತಿಗೆ ಬಂದ ನಮ್ಮವರಿಗೆ ಕೈಗೆ ಸಿಕ್ಕಿದ್ದನ್ನೆಲ್ಲ ಲ್ಯಾಮಿನೇಶನ್ ಮಾಡಿಸುವ ಚಟ. ಉಡುಪಿಯ ಸ್ಟ್ಯಾನಿಯಂತೂ ಬ್ರಿಟಿಷ್ ದೊರೆಯ ತಲೆಯಿದ್ದ ಹಳೇ ರೂಪಾಯಿ ನೋಟನ್ನೂ ಮಾಡಿಸಿಟ್ಟಿದ್ದರು. ಒಂದು ಕಾಲಕ್ಕೆ ಇಲ್ಲೂ ನಡೆಯುತ್ತಿದ್ದ ಆ ನೋಟಿನ ಚಲಾವಣೆ ನಿಂತಾಗ, ಇಲ್ಲಿನ ಮತ್ರಾ ಪೇಟೆಯ ಬಟ್ಟೆ ಅಂಗಡಿಯಲ್ಲಿದ್ದ ಅವರ ಅಜ್ಜ ಅದಕ್ಕೊಂದು ಅಣಕು ಚರಮಗೀತೆ ಬರೆದಿದ್ದರು. ಕಳೆದ ಶುಕ್ರವಾರ ಮಧ್ಯಾಹ್ನ, ದಾರ್ಸೈಟಿನ ಅವರ ಮನೆಯಲ್ಲಿ, ನೋಟನ್ನು ಕೈಯಲ್ಲಿ ಹಿಡಿದು ನಾನೇ ಆ ಗೀತೆಯನ್ನು ಗಟ್ಟಿಯಾಗಿ ಓದಿದೆ:

ಅರಸನ ತಲೆ ಹೊತ್ತ ಕಾಗದವೇ, ಹೊರಡಯ್ಯ,
ಮತ್ರಾದ ಬೀದಿಯಲಿ ನಿನಗಿಲ್ಲ ಬೆಲೆಯು;
ಅಳಲು ನಮಗೆಲ್ಲಿ ಪುರುಸೊತ್ತು, ದೊರೆಯೇ?
ನೀನೇ ಅತ್ತುಕೋ, ನಿನ್ನದೇ ತಲೆಯು!

ಎಂಥ ಕೈ ಆ ಅಜ್ಜನದು! ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ನಿಂತ ಮೇಲೆ ಯಾರೋ ಮೂಗೆಳೆದುಕೊಂಡ ಸದ್ದು ಕೇಳಿಸಿತು. ಮನೆಯಲ್ಲಿ ಮೂರನೆಯವರಿರಲಿಲ್ಲ. ಎಸಿ ಕೆಟ್ಟು ಬೆವರು ಸುರಿಯುತ್ತಿದ್ದರೂ ನೋಟು ಮಾತ್ರ ಐಸಿನಂತೆ ಕೊರೆಯುತ್ತಿತ್ತು.

"ಇದೆಂಥದು ಮಾರಾಯ್ರೆ?" ಎಂದು ಸ್ಟ್ಯಾನಿ ಬೆರಳು ತೋರಿಸಿದರು.

ದೊರೆಯ ಕಣ್ಣ ಕೆಳಗೆ ಒಂದು ಹನಿ ನೀರು. ಒರೆಸಿದೆ, ಹೋಗಲಿಲ್ಲ. ಅದು ಇದ್ದದ್ದು ಪ್ಲಾಸ್ಟಿಕ್ಕಿನ ಒಳಗೆ.

ಇವತ್ತಿಗೆ ಎಂಟು ದಿನ. ಹನಿ ಆರಿಲ್ಲ, ಗದ್ದದವರೆಗೆ ಇಳಿದಿದೆ.