ಕೊಟ್ರಬಸಮ್ಮನ ಮೂಗನ್ನು ನಂಬಿದವನು

"ಅವ್ವಾರೇ, ನನ್ನ ಗಂಡನ್ನ ಮಿಲ್ಲಿನ ಕಂಬಕ್ಕ ಕಟ್ಟ್ಯಾರ್ರಿ. ಎತ್ತು ಕಟ್ಟಿದಂಗ ಕಟ್ಟ್ಯಾರ!"

ಹೊಳೆಮ್ಮ ಬಂದು ಪಡಸಾಲೆಯ ಮಂಚದ ಕಾಲು ಹಿಡಿದಾಗ ಬಿಸಿಲು ಇನ್ನೂ ಅಂಗಳಕ್ಕೆ ಇಳಿದಿರಲಿಲ್ಲ. ಆದರೂ ಕಂಪ್ಲಿಯ ಬೇಸಗೆ. ಗೋಡೆಗಳು ಹಿಂದಿನ ದಿನದ ಕಾವನ್ನೇ ಉಗುಳುತ್ತಿದ್ದವು. ವಿರುಪಮ್ಮ ಒದ್ದೆ ಪಂಚೆಯೊಂದನ್ನು ಕೊಟ್ರಬಸಮ್ಮನ ಕಾಲಿಗೆ ಸುತ್ತುತ್ತಿದ್ದಳು. ಕಾವೇರಿದರೆ ಆ ಕಾಲುಗಳು ಬೆಂದ ಶಾವಿಗೆಯಂತಾಗುತ್ತಿದ್ದವು. ತಂಪಾದರೆ ಕೋಲೂರಿ ನಾಲ್ಕು ಹೆಜ್ಜೆ ನಡೆಯುವಷ್ಟು ಜೀವ ಬರುತ್ತಿತ್ತು.

ಬೇನೆ ಬಂದು ಆರೇಳು ವರ್ಷವಾಗಿತ್ತು. ಮೊದಲು ಒಂದು ಕಣ್ಣಿಗೆ ಮಂಜು ಕವಿದು ತಾನಾಗಿಯೇ ತಿಳಿಯಾಯಿತು. ಆಮೇಲೆ ಕೈ ಜುಮುಗುಟ್ಟಿತು, ಆಮೇಲೆ ಕಾಲು. ಮದರಾಸಿನ ಡಾಕ್ಟರು ಅದಕ್ಕೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಹೆಸರು ಹೇಳಿ, ಮದ್ದು ಮಾತ್ರ ಹೇಳದೆ ಕಳಿಸಿದ್ದರು. ಮನೆಯವರ ಬಾಯಲ್ಲಿ ಅದು ನರದ ಬ್ಯಾನಿ. ಕಾಲು ಸೋತಂತೆಲ್ಲ ಮೂಗು ಚುರುಕಾಗುತ್ತ ಹೋಯಿತು. ಅದೇನೂ ವರವಲ್ಲ. ಆಚೆ ಮನೆಯ ಒಗ್ಗರಣೆಗೆ ಇವಳ ತಲೆ ಸಿಡಿಯುತ್ತಿತ್ತು. ಸೀಮೆಎಣ್ಣೆ ಸುಳಿದರೆ ಹೊಟ್ಟೆಯಲ್ಲಿದ್ದದ್ದು ಹೊರಗೆ ಬರುತ್ತಿತ್ತು. ಆದರೆ ಓಣಿಯ ಬಾವಿಯಲ್ಲಿ ಇಲಿ ಸತ್ತದ್ದನ್ನೂ, ಮದುವೆ ಮನೆಯಲ್ಲಿ ಕಳುವಾದ ಪತ್ತಲ ಸೀರೆ ಯಾರ ಪೆಟ್ಟಿಗೆ ಸೇರಿತ್ತೆಂಬುದನ್ನೂ ಮಂಚದಲ್ಲಿ ಮಲಗಿಯೇ ಹೇಳಿದವಳು ಅವಳು. ಅಂದಿನಿಂದ ಓಣಿಯ ಹೆಂಗಸರು ಏನು ಕಳೆದರೂ ಅವಳ ಮಂಚಕ್ಕೆ ಬರುತ್ತಿದ್ದರು. ಮನೆಯೊಳಗಿನವರಿಗೆ ಮಾತ್ರ ನಂಬಿಕೆ ಕಡಿಮೆ. "ಕೆಲಸಿಲ್ಲದ ಮೈಗೆ ಮೂಗೊಂದ ಕೆಲಸ" ಎಂದು ಮೈದುನ ಮರುಳಸಿದ್ದಪ್ಪ ಊರ ತುಂಬ ನಗುತ್ತಿದ್ದ. ವರಸೆಯಲ್ಲಿ ತಂಗಿಯಾಗಬೇಕಾದ ವಿರುಪಮ್ಮ, ಗಂಡ ತೀರಿದ ಮೇಲೆ ಅಕ್ಕನ ಆಸರೆಗೆಂದು ಬಂದು ತಾನೇ ಆಸರೆಯಾದವಳು. ಅವಳಿಗೂ ಒಮ್ಮೊಮ್ಮೆ ಇದು ಹಟವೋ ಬೇನೆಯೋ ತಿಳಿಯುತ್ತಿರಲಿಲ್ಲ.

"ಅಳಬ್ಯಾಡ. ಏನಾತು, ಮೊದಲಿಂದ ಹೇಳು," ಎಂದಳು ಕೊಟ್ರಬಸಮ್ಮ.

ಹೊಳೆಮ್ಮನ ಗಂಡ ತೋಟಪ್ಪ ಈ ಮನೆಯವರ ಮಿಲ್ಲಿನ ಬಂಡಿ ಹೊಡೆಯುವವನು. ಸೋಮವಾರ ಬೆಳಕು ಹರಿಯುವ ಮುಂಚೆ ಬಿಲ್ವಪತ್ರೆ ತಂದು ಮನೆಯ ದೇವರ ಕೋಣೆಯ ಹೊಸ್ತಿಲ ಮೇಲಿಟ್ಟು ಹೋಗುವುದು ಅವನ ಅಪ್ಪನ ಕಾಲದಿಂದ ಬಂದ ಸೇವೆ. ಇವತ್ತೂ ಇಟ್ಟು ಹೋಗಿದ್ದ. ಅವನು ಹೋದ ಮೇಲೆ ನೋಡಿದರೆ ಗೂಡಿನಲ್ಲಿದ್ದ ಅಜ್ಜನ ಬಂಗಾರದ ಕರಡಿಗೆ ಇಲ್ಲ. ಅಜ್ಜ ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುತ್ತಿದ್ದ ಕರಡಿಗೆ ಅದು. ಲಿಂಗ ಅಜ್ಜನ ಜೊತೆಗೇ ಮಣ್ಣಾಗಿ, ಖಾಲಿ ಕರಡಿಗೆ ನೆನಪಿಗೆಂದು ಉಳಿದಿತ್ತು. ಕೊಟ್ರಬಸಮ್ಮನ ಗಂಡ ಜಡೆಪ್ಪ, ಹೆಂಡತಿಯ ಕಾಲು ಬರಲೆಂದು ಅದನ್ನು ಮಠಕ್ಕೆ ಹರಕೆ ಹೊತ್ತಿದ್ದ. ಒಪ್ಪಿಸುವ ದಿನವೂ ಇದೇ ಸೋಮವಾರ.

"ಸಣ್ಣ ಸಾವ್ಕಾರ್ರು, ನಿಮ್ಮ ಮೈದುನಾರು, ಕಣ್ಣಾರೆ ಕಂಡೀನಂತಾರ್ರಿ. ನನ್ನ ಗಂಡ ಕರಡಿಗಿ ತಗಂಡು, ನಡುಮನ್ಯಾಗಿನ ಕಂದೀಲು ಒದ್ದು ಕೆಡವಿ ಓಡಿದ್ನಂತ. ಹೊಳಿ ದಾಟಿಸಿ ನಿಜಾಮನ ಸೀಮಿಗೆ ಕಳಿಸ್ಯಾನಂತ. ಮಧ್ಯಾಹ್ನದ ಮೋಟಾರಿಗೆ ಹೊಸಪ್ಯಾಟಿ ಠಾಣೇಕ ಒಯ್ತಾರಂತ. ಒಮ್ಮಿ ಆ ಬಾಗಿಲು ದಾಟಿದ್ರ ಕಳ್ಳನ ಹೆಂಡತಿ ಅನ್ನೋ ಹೆಸರು ಸಾಯೋತನ ನನ್ನ ಬಿಡಂಗಿಲ್ಲ."

"ಅದಕ್ಕ ಈ ಎಣ್ಣಿ ನಾತ," ಎಂದು ಕೊಟ್ರಬಸಮ್ಮ ಸೆರಗು ಮೂಗಿಗೊತ್ತಿದಳು. ಬೆಳಗಿನಿಂದ ಅವಳು ಎರಡು ಸಲ ಕಾರಿದ್ದಳು. "ವಿರುಪಿ, ನಿನ್ನ ಕೈ ಕೊಡಿಲ್ಲೆ."

"ನನ್ನ ಕೈ ಯಾಕಕ್ಕಾ?"

"ಕೊಡು ಅಂದೆ."

ವಿರುಪಮ್ಮ ಕೈ ಚಾಚಿದಳು. ಅಕ್ಕ ಬೆರಳು ಬೆರಳನ್ನೂ ಮೂಸಿ ನೋಡಿದಾಗ ಅವಳಿಗೆ ಕಣ್ಣು ತುಂಬಿತು. ಇಷ್ಟು ವರ್ಷ ಹೇಲು ಉಚ್ಚೆ ಬಳಿದ ಕೈ ಇದು!

"ಬೂದಿ, ಹುಣಸಿ, ನನ್ನ ವಾಂತಿ. ಬ್ಯಾರೇನೂ ಇಲ್ಲ," ಎಂದಳು ಕೊಟ್ರಬಸಮ್ಮ. "ಸಿಟ್ಟಾಗಬ್ಯಾಡ. ನಾಳೆ ಯಾರರ ನಿನ್ನ ಹೆಸರು ತಗದ್ರ, ಮೊದ್ಲ ನಿನ್ನ ನೋಡೀನಂತ ಹೇಳಾಕ ನನಗ ಬಾಯಿ ಇರ್ಬೇಕಲ್ಲ. ಈಗ ಹೋಗಿ ಕಂದೀಲು ನೋಡಿ ಬಾ. ಬರೋ ಮುಂದ ತೋಟಪ್ಪನ ಹೆಗಲ ವಸ್ತ್ರ ಇಸಗಂಡು ಬಾ. ಅವನ ಪಾದನೂ ಮೂಸಿ ಬಾ."

"ಪಾದ ಮೂಸ್ಲ್ಯಾ?"

"ನನ್ನ ಕಾಲು ನಡದ್ರ ನಾನ ಹೋಗಿ ಮೂಸ್ತಿದ್ದೆ."

ವಿರುಪಮ್ಮ ನಡುಮನೆಗೆ ಹೋದಳು. ದೇವರ ಕೋಣೆಯ ಬಾಗಿಲೂ ಉಗ್ರಾಣದ ಬಾಗಿಲೂ ಅಲ್ಲಿಗೇ ತೆರೆದುಕೊಳ್ಳುತ್ತಿದ್ದವು. ಉಗ್ರಾಣದ ಹೊಸ್ತಿಲ ಮುಂದೆ ಸೀಮೆಎಣ್ಣೆ ಮಡುಗಟ್ಟಿತ್ತು. ಕಂದೀಲು ಅದರಲ್ಲೇ ಮಗ್ಗುಲಾಗಿ ಬಿದ್ದಿತ್ತು; ಗಾಜಿಗೆ ಒಂದು ಗೀರೂ ಇರಲಿಲ್ಲ. ಮಿಲ್ಲಿಗೆ ಹೋಗಿ, ನೋಡುವವರು ನಗುತ್ತಿದ್ದರೂ ಬಾಗಿ ತೋಟಪ್ಪನ ಪಾದ ಮೂಸಿದಳು. ಎತ್ತಿನ ಗಂಜಲ, ಮಣ್ಣು. ಅವಳ ಸಾದಾ ಮೂಗಿಗೂ ಅಷ್ಟು ತಿಳಿಯಿತು.

"ಕಂದೀಲು ಉರೀತಿತ್ತಂತ?" ಎಂದು ಕೇಳಿದಳು ಕೊಟ್ರಬಸಮ್ಮ, ವಸ್ತ್ರವನ್ನು ಮೂಗಿಗೆ ಹಿಡಿದು.

"ಉರೀತಾ ಗೂಟಕ್ಕ ತೂಗತಿತ್ತಂತ ತೋಟಪ್ಪ ಹೇಳಿದ."

"ಉರಿಯೋ ಕಂದೀಲು ಬಿದ್ದು ಆರಿದ್ರ ಬತ್ತಿ ಕಮರಿದ ಘಾಟು ಮನಿ ತುಂಬಬೇಕಿತ್ತು. ನಸುಕಿನ್ಯಾಗ ನನ್ನ ಎಬ್ಬಿಸಿದ್ದು ಬರೇ ಹಸೀ ಎಣ್ಣಿ ನಾತ."

ಅಷ್ಟರಲ್ಲಿ ಮರುಳಸಿದ್ದಪ್ಪ ಬಂದ. ದಿನಾ ಬಂದವನೇ ಮಂಚದ ಪಕ್ಕದ ತೂಗುಮಣೆಯಲ್ಲಿ ಕೂತು ಅತ್ತಿಗೆಯನ್ನು ಕಾಡುವ ಆಸಾಮಿ, ಇವತ್ತು ತಲಬಾಗಿಲ ಹತ್ತಿರವೇ ನಿಂತ. ಅಷ್ಟು ದೂರದಿಂದಲೂ ಗಂಧದ ಸಾಬೂನಿನ ವಾಸನೆ ವಿರುಪಮ್ಮನಿಗೇ ಬಡಿಯಿತು.

"ಏನಂತೈತಿ ಅತ್ತಿಗಿ ಮೂಗು? ಕಳ್ಳನ ಮನಿಯಾಕಿ ಬಂದು ಅತ್ತಕೂಡ್ಲೆ ಕಚೇರಿ ಸುರುವಾತೇನು?"

"ಒಳಗ ಬಾ ತಮ್ಮಾ. ಕುಂದ್ರು. ನಿನ್ನ ತೂಗುಮಣಿ ಖಾಲಿ ಐತಿ."

"ಕೆಲಸ ಐತಿ ಬಿಡ್ರಿ. ಮುನಸೀಬರು ಬರ್ತಾರ."

"ಬರಲಿ. ಅವರನ್ನೂ ನಿಮ್ಮಣ್ಣಾರನ್ನೂ ಇಲ್ಲೇ ಕರಕಂಡು ಬಾ. ತೋಟಪ್ಪನ್ನೂ ತರಿಸು. ನಾನು ಉಗ್ರಾಣ ನೋಡಿ ಬರ್ತೀನಿ."

ಮರುಳಸಿದ್ದಪ್ಪ ನಕ್ಕ. ಆದರೆ ನಗು ಬಾಯಿಂದ ಮೇಲೇರಲಿಲ್ಲ. "ನಡುಮನ್ಯಾಗ ಎಣ್ಣಿ ಹೊಳಿ ಹರದೈತಿ. ದಾಟ್ತೀರೇನು? ಹೋಗ್ಬ್ಯಾಡ್ರಿ, ಸತ್ತುಗಿತ್ತೀರಿ."

"ನನ್ನ ಮೂಗು ಸುಳ್ಳು ಅನ್ನಾಂವ ನೀನು. ಸುಳ್ಳು ಮೂಗಿಗೆ ಎಣ್ಣಿ ಏನ್ ಮಾಡೀತು?" ಎಂದು ಕೊಟ್ರಬಸಮ್ಮ ಕೋಲಿಗೆ ಕೈ ಚಾಚಿದಳು.

ವಿರುಪಮ್ಮ ಆ ದಾಟನ್ನು ಕೊನೆಯವರೆಗೂ ಮರೆಯಲಿಲ್ಲ. ಒಂದು ತೋಳು ಇವಳ ಹೆಗಲ ಮೇಲೆ, ಇನ್ನೊಂದು ಕೈ ಕೋಲಿನ ಮೇಲೆ. ನಡುಮನೆಯ ಹೊಸ್ತಿಲಲ್ಲೇ ಅಕ್ಕನ ಮೈ ಜಲ್ಲೆಂದು ಬೆವರಿತು. ಎರಡು ಹೆಜ್ಜೆಗೆ ಕಾರಿದಳು. ಒಳಗೆ ಏನೂ ಉಳಿದಿರಲಿಲ್ಲ, ಬರೀ ಪಿತ್ತ. ಮೊಣಕಾಲು ಕಳಚಿ ನೆಲಕ್ಕೆ ಕುಸಿದಳು.

"ಸಾಕಕ್ಕಾ! ನಿನಗ ಕೈ ಮುಗೀತೀನಿ, ಹಿಂದಕ್ಕ ಹೋಗೂನು."

"ಎಳಿ," ಎಂದಳು ಕೊಟ್ರಬಸಮ್ಮ. "ಮೂಟಿ ಎಳದಂಗ ಎಳಿ. ನಾ ಹಿಂದಕ್ಕ ಹೋದ್ರ ತೋಟಪ್ಪ ಹೊಸಪ್ಯಾಟಿಗೆ ಹೋಗ್ತಾನ."

ವಿರುಪಮ್ಮ ಎಳೆದಳು. ಎಣ್ಣೆಯಲ್ಲಿ ಸೀರೆ ತೋಯಿತು. ಉಗ್ರಾಣದ ಒಳಗೆ ಬಾಗಿಲು ಮುಚ್ಚಿಕೊಂಡು, ಆ ಕತ್ತಲಲ್ಲಿ ಕೊಟ್ರಬಸಮ್ಮ ನೆಲದ ಮೇಲೆ ಕೂತೇ ಸಾಲಾಗಿ ಇಟ್ಟಿದ್ದ ಉಪ್ಪಿನಕಾಯಿ ಭರಣಿಗಳ ಕಡೆ ತೆವಳಿದಳು. ಹೋದ ವಾರವಷ್ಟೇ ಹಾಕಿದ್ದ ಹೊಸ ಮಾವಿನಕಾಯಿ. ಒಂದೊಂದರ ಬಾಯಿಬಟ್ಟೆಗೂ ಮೂಗು ಹಚ್ಚಿ ಮುಂದೆ ಸರಿದಳು. ನಡುವಿನ ಒಂದರ ಹತ್ತಿರ ನಿಂತಳು. ಹಿಂದಿನದಕ್ಕೆ ಹೋಗಿ ಮತ್ತೆ ಅದಕ್ಕೇ ಬಂದಳು. ಆಮೇಲೆ ಆ ಭರಣಿಗೆ ತಲೆಯಾನಿಸಿ ಸುಮ್ಮನೆ ಉಸಿರೆಳೆದುಕೊಂಡಳು.

"ಇದನ್ನ ಎತ್ತಿಗೋ. ಬಿಚ್ಚಬ್ಯಾಡ."

ಊರ ನ್ಯಾಯ ನೋಡುವ ಮುನಸೀಬ ವಿರೂಪಾಕ್ಷಪ್ಪನವರು ಬರುವ ಹೊತ್ತಿಗೆ ಕೊಟ್ರಬಸಮ್ಮ ಮತ್ತೆ ಮಂಚದಲ್ಲಿದ್ದಳು. ಮುಖ ಸುಣ್ಣದಂತಾಗಿತ್ತು. ಕೈಕಟ್ಟಿಸಿಕೊಂಡ ತೋಟಪ್ಪ ಅಂಗಳದಲ್ಲಿ, ಅವನ ಪಕ್ಕ ಹೊಳೆಮ್ಮ. ಓಣಿಯ ಅರ್ಧ ಮಂದಿ ಬಾಗಿಲಲ್ಲಿ. ಜಡೆಪ್ಪ ಹೆಂಡತಿಯ ತಲೆದೆಸೆಯಲ್ಲಿ ಬೀಸಣಿಕೆ ಹಿಡಿದು ನಿಂತಿದ್ದ.

"ಏನವ್ವಾ, ಮೈ ಸರಿ ಇಲ್ಲದಾಕಿ ಯಾಕ ಇಷ್ಟು ತ್ರಾಸು ತಗಂತಿ?" ಎಂದರು ಮುನಸೀಬರು.

"ಮೈಗೆ ಸರಿ ಇಲ್ರಿ, ತಲಿಗೆ ಸರಿ ಐತಿ. ಮೊದ್ಲು ತೋಟಪ್ಪನ ಪಾದ ಮೂಸ್ರಿ. ಯಾರರ ಮೂಸ್ರಿ, ನನ್ನ ಮೂಗು ಬ್ಯಾಡ. ಎಣ್ಣಿ ಕಂದೀಲು ಒದ್ದು ಓಡಿದಾಂವನ ಕಾಲಿಗೆ ಎಣ್ಣಿ ಇಲ್ಲ. ಧೋತರಕ್ಕಿಲ್ಲ, ವಸ್ತ್ರಕ್ಕಿಲ್ಲ."

ಇಬ್ಬರು ಬಾಗಿ ನೋಡಿ ತಲೆಯಾಡಿಸಿದರು.

"ಒದ್ದ ಕಂದೀಲಿನ ಗಾಜು ಒಡದಿಲ್ಲ. ಉರಿಯೋ ಬತ್ತಿ ಕಮರಿದ ಘಾಟು ಬರಲಿಲ್ಲ. ಅಂದ್ರ ಆರಿಸಿದ ಕಂದೀಲನ್ನ ಯಾರೋ ಮೆಲ್ಲಕ ಮಲಗಿಸ್ಯಾರ. ಎಣ್ಣಿ ಡಬ್ಬಿಯಿಂದ ಸುರುವ್ಯಾರ. ಅದೂ ದೇವರ ಕೋಣಿ ಮುಂದಲ್ಲ, ಉಗ್ರಾಣದ ಮುಂದ. ಯಾಕ?"

ಮುನಸೀಬರು ನಡುಮನೆಯ ಕಡೆ ಕತ್ತು ಹೊರಳಿಸಿದರು.

"ನಾ ಆ ಕಡೆ ಹಾಯಬಾರ್ದಂತ. ನಮ್ಮ ಮನ್ಯಾಗ ಭರಣಿ ಬಾಯಿ ಕಟ್ಟೋ ಮುಂದ ಕೆಂಡದ ಮ್ಯಾಲ ಇಂಗು ಹಾಕಿ, ಬಟ್ಟಿಗೂ ಭರಣಿಗೂ ಹೊಗಿ ಹಿಡೀತೀವಿ. ಓಣ್ಯಾಗ ಇದು ಗೊತ್ತಿಲ್ಲದ ಹೆಣ್ಮಗಳಿಲ್ಲ. ಉಗ್ರಾಣಕ್ಕ ಕಾಲಿಡದ ಗಂಡಸರಿಗೆ ಗೊತ್ತಿಲ್ಲ. ಎಲ್ಲಾ ಭರಣಿ ಬಟ್ಟಿಗೂ ಇಂಗಿನ ಹೊಗಿ ಐತಿ. ಇದೊಂದರ ಮ್ಯಾಲ ಒಗದ ಬಟ್ಟಿ ವಾಸನಿ. ಬಿಚ್ಚಿದಾಂವ ಹಳೇ ಬಟ್ಟಿಗೆ ಉಪ್ಪಿನಕಾಯಿ ಎಣ್ಣಿ ಹತ್ತಿತಂತ ಹೊಸದು ಕಟ್ಯಾನ. ಹೊಗಿ ಹಿಡೀಬೇಕಂತ ಅವಂಗ ತಿಳೀಲಿಲ್ಲ. ಬಿಚ್ಚು ವಿರುಪಿ."

ವಿರುಪಮ್ಮ ಬಟ್ಟೆ ಬಿಚ್ಚಿ ಮೊಣಕೈತನಕ ಕೈ ಇಳಿಸಿದಳು. ಮೇಣದ ಬಟ್ಟೆಯಲ್ಲಿ ಸುತ್ತಿದ ಗಂಟೊಂದು ಎಣ್ಣೆ ಸುರಿಸುತ್ತ ಮೇಲೆ ಬಂತು. ಅಜ್ಜನ ಕರಡಿಗೆ.

"ತಮ್ಮಾ, ಕೈ ಚಾಚು," ಎಂದಳು ಕೊಟ್ರಬಸಮ್ಮ.

ಮರುಳಸಿದ್ದಪ್ಪ ಕೈ ಹಿಂದಕ್ಕೆ ಸರಿಸಿದ. ಮುನಸೀಬರೇ ಎದ್ದು ಹಿಡಿದೆಳೆದು ಮೂಸಿದರು. ಸಾಬೂನಿನ ಅಡಿಯಲ್ಲಿ, ಉಗುರ ಸಂದಿಯಲ್ಲಿ, ಮೆಂತ್ಯೆ ಸಾಸಿವೆ ಖಾರ.

"ಊಟಕ್ಕ ಹಾಕ್ಕೊಂಡಿದ್ದೆ," ಎಂದ ಅವನು.

"ಹಳೇ ಉಪ್ಪಿನಕಾಯಿ ಯುಗಾದಿಗೇ ಮುಗದೈತಿ, ಹೊಸದು ಇನ್ನೂ ಬಿಚ್ಚಿಲ್ಲ," ಎಂದು ವಿರುಪಮ್ಮ ತಡೆಯಲಾರದೆ ನುಡಿದಳು.

ಮರುಳಸಿದ್ದಪ್ಪ ಅಣ್ಣನ ಕಡೆ ತಿರುಗಿದ. "ಹೌದು, ನಾನ ಇಟ್ಟೆ! ನಡೀಲಾರದ ಕಾಲಿಗೆ ಅಜ್ಜನ ಕರಡಿಗಿ ಮಠಕ್ಕ ಕೊಡೋದು ಯಾವ ನ್ಯಾಯ? ನಾನು ಮೊಮ್ಮಗ ಅಲ್ಲೇನು? ನನ್ನ ಯಾರು ಕೇಳಿದ್ರಿ?"

"ನನ್ನನ್ನರ ಯಾರು ಕೇಳಿದ್ರು?" ಎಂದಳು ಕೊಟ್ರಬಸಮ್ಮ. ಧ್ವನಿ ಸಣ್ಣದಿದ್ದರೂ ಬಾಗಿಲವರೆಗೆ ಮುಟ್ಟಿತು. "ನನ್ನ ಕಾಲಿಗೆ ಬಂಗಾರದ ಬೆಲಿ ಕಟ್ರಿ ಅಂತ ನಾ ಹೇಳಿದ್ನೇನು? ಹರಕಿ ಬ್ಯಾಡ್ರಿ. ಬರೋ ಕಾಲಾದ್ರ ಬರ್ತಾವ, ಇಲ್ಲಾಂದ್ರ ಕುಂತ ಬಾಳ್ತೀನಿ. ಕರಡಿಗಿ ಗೂಡಿನ್ಯಾಗ ಇರ್ಲಿ." ಜಡೆಪ್ಪನ ಬೀಸಣಿಕೆ ನಿಂತಿತು. ಅವನು ಹೆಂಡತಿಯ ಮುಖ ನೋಡಿ, ಮೆಲ್ಲಗೆ ಹೂಂ ಎಂದ.

"ಮನಿ ಒಡವಿ ಮನ್ಯಾಗ ಸಿಕ್ತು, ಇಲ್ಲಿಗೆ ಬಿಡೂನು," ಎಂದು ಮುನಸೀಬರು ರುಮಾಲು ಸರಿಪಡಿಸಿಕೊಂಡರು.

"ಬಿಡೋದು ನಾವಲ್ರಿ. ಕಟ್ಟಿಸಿಕೊಂಡಾಂವ ತೋಟಪ್ಪ. ದೂರು ಕೊಡ್ತಾನೋ ಬಿಡ್ತಾನೋ, ಅವನ್ನ ಕೇಳ್ರಿ."

ತೋಟಪ್ಪ ಹೆಂಡತಿಯ ಕಡೆ ನೋಡಿದ. ಹೊಳೆಮ್ಮ ಮುಂದೆ ಬಂದಳು. "ಓಣಿ ಮಂದಿ ಮುಂದ ಕಟ್ಟಿದ್ರು. ಓಣಿ ಮಂದಿ ಮುಂದ ಕಟ್ಟಿದಾಂವನ ಬಿಚ್ಚಲಿ. ತಪ್ಪಾತು ಅನ್ಲಿ. ಅಷ್ಟ ಸಾಕು ನಮಗ."

ಮರುಳಸಿದ್ದಪ್ಪ ಅಂಗಳಕ್ಕಿಳಿದ. ಹಗ್ಗದ ಗಂಟು ಅವನದೇ, ಬಿಗಿಯಾಗಿತ್ತು. ಉಗುರಿನಿಂದ ಕೀಳುತ್ತ ಬಹಳ ಹೊತ್ತು ಹಿಡಿಯಿತು. ತಪ್ಪಾಯಿತು ಎಂದದ್ದು ಬಾಗಿಲಲ್ಲಿದ್ದವರಿಗೆ ಕೇಳಲಿಲ್ಲ. ಹೊಳೆಮ್ಮ ಇನ್ನೊಮ್ಮೆ ಅನ್ನಿಸಿದಳು. ಅವನು ಎದ್ದು ಹೊರಟಾಗ ಕೊಟ್ರಬಸಮ್ಮ ಕರೆದಳು.

"ನಿಲ್ಲು ತಮ್ಮಾ. ನಿನ್ನ ಬೈಯಂಗಿಲ್ಲ. ನಿನಗೊಂದು ಮಾತು ಹೇಳ್ಬೇಕು. ನಿಮ್ಮಣ್ಣಾರು ನನ್ನ ಮ್ಯಾಲ ಮರುಕದಿಂದ ಹೂಂಗುಡ್ತಿದ್ರು. ಡಾಕ್ಟರು ಮೂಗಿನ ಮಾತಿಗೆ ನಕ್ಕರು. ಈ ವಿರುಪಿನೂ ಅರ್ಧಮರ್ಧ ನಂಬ್ತಿದ್ಲು. ನನ್ನ ಮೂಗಿಗೆ ಅಂಜಿ ಡಬ್ಬಿ ಎಣ್ಣಿ ಸುರುವಿದಾಂವ ನೀನೊಬ್ಬನ. ಈ ಮನ್ಯಾಗ ನನ್ನ ಪೂರ್ತಿ ನಂಬಿದಾಂವ ನೀನೊಬ್ಬನ ಕಣಪ್ಪಾ."

ಮರುಳಸಿದ್ದಪ್ಪ ಬಿಚ್ಚಿದ ಹಗ್ಗವನ್ನು ಕೈಗೆ ಸುತ್ತಿಕೊಳ್ಳತೊಡಗಿದ.

"ಈಗ ಸೀಗೆಕಾಯಿ ತಗಂಡು ನಡುಮನಿ ತಿಕ್ಕು. ನಾತ ಹೋತೋ ಇಲ್ಲೋ ನಾ ಹೇಳ್ತೀನಿ."

ಸಂಜೆಯತನಕ ನಡುಮನೆಯಿಂದ ಕಸಬರಿಗೆಯ ಸದ್ದು ಬರುತ್ತಿತ್ತು. ಎರಡು ಸಲ ಅವನು ಬಾಗಿಲಿಗೆ ಬಂದು ನಿಂತ. ಎರಡು ಸಲವೂ ಕೊಟ್ರಬಸಮ್ಮ, "ಇನ್ನೂ ಐತಿ," ಎಂದಳು. ಅವಳ ಕಾಲುಗಳು ಪೂರ್ತಿ ಸತ್ತಂತಿದ್ದವು. ಮತ್ತೆ ಜೀವ ಬರಲು ಎಷ್ಟು ದಿನವೋ. ವಿರುಪಮ್ಮ ಒದ್ದೆ ಪಂಚೆ ಬದಲಿಸುತ್ತ, "ಅರ್ಧಮರ್ಧ ಅಂದೆಲ್ಲಕ್ಕಾ ನನಗ," ಎಂದಳು.

"ಸುಳ್ಳೇನು?"

"ಸುಳ್ಳಲ್ಲ."

"ಹಂಗಾದ್ರ ಆ ಬಿಚ್ಚಿದ ಭರಣಿ ತಾ. ಗಂಟಿಗೆ ಮೆತ್ತಿದ್ದ ಕಾಯಿ ತಗದು, ಉಳದದ್ದು ಕಟ್ಟೂನು. ಕೆಂಡ ತಾ, ಇಂಗು ತಾ."

"ಇಂಗಿನ ಹೊಗಿ ನಿನಗ ತಡಿಯಂಗಿಲ್ಲ. ಹೋದ ವಾರ ನಿನ್ನ ಮಾಳಿಗಿಗೆ ಹೊತ್ತು ಹಾಕಿದ್ವಿ."

"ಈ ಸಲ ನಾನ ಹಿಡೀತೀನಿ," ಎಂದು ಕೊಟ್ರಬಸಮ್ಮ ಗೋಡೆಗೊರಗಿ ಕೂತಳು. "ತಾ ಇಲ್ಲೆ."