ಸೋಸುಬಟ್ಟೆಯ ಮೇಲೆ ಹಳದಿ ಚೂರು

ಗಣಪನ ಹದಿನಾಲ್ಕು ವರ್ಷದ ಮರ್ಯಾದೆ ಹೋದದ್ದು ಒಂದು ಹಳೇ ಪಂಚೆಯ ತುಂಡಿನ ಮೇಲೆ. ಆ ತುಂಡನ್ನು ಕ್ಯಾನಿನ ಬಾಯಿಗೆ ಬಿಗಿದು ಕಟ್ಟಿದವನು ರಾಜೀವನೇ. ಹೊನ್ನಾವರದ ಹೆದ್ದಾರಿ ಪಕ್ಕದಲ್ಲಿ ಗ್ಯಾರೇಜು ಇಟ್ಟುಕೊಂಡು ಹತ್ತು ವರ್ಷವಾದ ಅವನಿಗೆ, ಅದನ್ನು ನೆನೆದರೆ ಈಗಲೂ ಸಿಟ್ಟು ಉಕ್ಕುತ್ತದೆ.

ಜುಲೈ ಕೊನೆಯ ವಾರ. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಮತ್ತೆ ಕಡಲಿಗಿಳಿಯಲು ನಾಲ್ಕೇ ದಿನ ಉಳಿದಿತ್ತು. ಕಾಸರಕೋಡದ ಅಣ್ಣಪ್ಪನಿಗೆ ಒಂದು ಮರದ ಬೋಟು, ಒಂದು ಮೀನು ಲಾರಿ. ಆ ಲಾರಿಯ ಡ್ರೈವರು ಗಣಪ. ಎರಡು ತಿಂಗಳು ನಿಂತ ಲಾರಿಯ ಇಂಜಿನ್ ಎಣ್ಣೆ ಬದಲಿಸಲೆಂದು ಅವತ್ತು ಬಂದಿದ್ದ. ಹಿಂದೆಯೇ ಸ್ಕೂಟರಿನಲ್ಲಿ ಅಣ್ಣಪ್ಪನ ಅಕ್ಕನ ಮಗ ಸಂತೋಷ ಬಂದ. ಸ್ಕೂಟರಿನಲ್ಲಿ ಅವನ ಕಾಲ ಬಳಿ ಬಾಯಿ ಕೊಯ್ದ ನೀಲಿ ಕ್ಯಾನು ಇತ್ತು.

ಈ ಕಡೆ ಇಂಜಿನ್ನಿನ ಹಳೇ ಎಣ್ಣೆಯನ್ನು ಯಾರೂ ಚೆಲ್ಲುವುದಿಲ್ಲ. ಮರಕ್ಕೆ ಹುಳ ಹಿಡಿಯದಿರಲೆಂದು ಬೋಟಿಗೆ ಬಳಿಯುತ್ತಾರೆ. ಬಳಿಯುವವರ ಕೈಗೆ ಕಸ ಚುಚ್ಚಬಾರದು ಎಂದು ಬಟ್ಟೆಯಲ್ಲಿ ಸೋಸಿ ಕೊಡುವುದು ರಾಜೀವನ ಗ್ಯಾರೇಜಿನ ರೂಢಿ.

"ನಿನ್ನ ಟ್ರೇ ಬೇಡ ರಾಜೀವಣ್ಣ, ಸೀದಾ ಈ ಕ್ಯಾನಿಗೇ ಬಿಡು. ನಮ್ಮ ಬೋಟಿಗೇ ಅಲ್ವನಾ? ಎರಡೆರಡು ಸಲ ಎಂತಕ್ಕೆ ಸುರಿಯೂದು?" ಎಂದ ಸಂತೋಷ.

ಮಾತು ಸರಿಯೆನಿಸಿತು. ರಾಜೀವ ಲಾರಿಯ ಅಡಿಗೆ ನುಗ್ಗಿ, ಕ್ಯಾನು ಇಟ್ಟು ಬಿರಡೆ ಬಿಚ್ಚಿದ. ಬಿಸಿ ಎಣ್ಣೆ ಕಪ್ಪಗೆ ಇಳಿಯಿತು. ಹಳೇ ಫಿಲ್ಟರ್ ತೆಗೆದು ಗುಜರಿ ಡಬ್ಬಿಗೆ ಎಸೆದ. ಆಮೇಲೆ ಇನ್ನೊಂದು ಕ್ಯಾನಿಗೆ ಪಂಚೆ ಕಟ್ಟಿ ಎಣ್ಣೆ ಸುರಿದ. ಎಣ್ಣೆ ಇಳಿಯಿತು, ಬಟ್ಟೆಯ ಮೇಲೆ ಒಂದು ಹಿಡಿ ಹಳದಿ ಲೋಹದ ಚೂರು ಉಳಿಯಿತು.

"ಅಯ್ಯೋ ದೇವ್ರೆ!" ಎಂದ ಗಣಪ.

"ಅಯ್ಯೋ ಅಂತೆ ಅಯ್ಯೋ!" ಸಂತೋಷ ಕಿರುಚಿದ. "ಏಪ್ರಿಲ್‌ನಲ್ಲಿ ಮಾವ ಕೊಡಿಸಿದ ಹೊಸ ಎಣ್ಣೆ ಎಲ್ಲಿ? ಮಾರ್ಕೊಂಡು, ಬರೇ ಹಳೇ ಎಣ್ಣೆಯ ಗಸಿ ಹಾಕಿ ಲಾರಿ ಓಡಿಸಿದೀಯ ನೀನು. ಒಳಗೆ ಬುಶ್ ಎಲ್ಲ ಅರೆದು ಪುಡಿಯಾಗಿದೆ!"

ಸಂತೋಷನ ಕೈಯಲ್ಲಿ ಫೋನಿತ್ತು. ಎಣ್ಣೆ ಸೋಸುವ ವಿಡಿಯೋ ಊಟದ ಹೊತ್ತಿಗೆ ಮೀನು ವ್ಯಾಪಾರಸ್ಥರ ಗ್ರೂಪಿಗೆ ಹೋಯಿತು. ಸಂಜೆ ಕಾಸರಕೋಡದ ಬಂದರದಲ್ಲಿ, ಬಲೆ ನೇಯುತ್ತಿದ್ದ ನಲವತ್ತು ಜನರ ಎದುರು ಅಣ್ಣಪ್ಪ ಗಣಪನ ಕೈಯಿಂದ ಕೀಲಿ ಕಿತ್ತುಕೊಂಡು "ಎಣ್ಣೆ ಕಳ್ಳ" ಎಂದ. "ಇನ್ನು ಲಾರಿ ನಾನೇ ಓಡಿಸ್ತೇನೆ ಮಾವ" ಎಂದು ಸಂತೋಷ ಕೈಚಾಚಿದನಂತೆ. ಹದಿನಾಲ್ಕು ವರ್ಷ ಘಾಟಿಯ ಮಂಜು, ಮಳೆ ಎನ್ನದೆ ದುಡಿದವನಿಗೆ ಸಿಕ್ಕ ಬಹುಮಾನ ಇದು! ಒಂದು ಮಾತು ಕೇಳಬೇಡವೇ? ಒಂದು ದಿನ ಕಾಯಬೇಡವೇ?

ರಾಜೀವನಿಗೆ ಸಿಟ್ಟಿನ ಜೊತೆ ಹೆದರಿಕೆಯೂ ಇತ್ತು. ಏಪ್ರಿಲ್‌ನಲ್ಲಿ ಆ ಇಂಜಿನ್ ಬಿಚ್ಚಿ, ತಿರುಗುವ ಭಾಗ ಸವೆಯದಂತೆ ತಡೆಯುವ ಹಳದಿ ಲೋಹದ ಬಳೆಯನ್ನು, ಅಂದರೆ ಬುಶ್ಶನ್ನು, ಕೂರಿಸಿದವನು ಅವನೇ. ತಾನೇ ಸರಿಯಾಗಿ ಕೂರಿಸಲಿಲ್ಲವೋ ಎಂಬ ಯೋಚನೆಯಲ್ಲಿ ಅವನಿಗೆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಬಾಗಿಲು ತೆಗೆಯುವ ಮೊದಲೇ ಗಣಪನ ಹೆಂಡತಿ ದುರ್ಗಿ ಬಂದು ನಿಂತಿದ್ದಳು. "ರಾಜೀವಣ್ಣ, ನಿನ್ನೆಯಿಂದ ಅವ್ರು ಒಂದು ಗುಟುಕು ಚಾ ಕುಡೀಲಿಲ್ಲ. ಭಟ್ಕಳದಿಂದ ಕುಮಟೆವರೆಗೆ ಎಲ್ಲಾರ ಫೋನಲ್ಲೂ ಇದೇ ವಿಡಿಯೋ. ಇನ್ಯಾರು ಅವ್ರ ಕೈಗೆ ಸ್ಟೇರಿಂಗ್ ಕೊಡ್ತಾರೆ? ಕದ್ದಿದ್ರೆ ಕದ್ದ ಅನ್ನಿ. ಕದೀದೇ ಇದ್ದವ್ರಿಗೆ ಎಂತ ಅನ್ಯಾಯ ಇದು?"

ಮಹಡಿಯಿಂದ ಮಾಲಿನಿ ಮೇಡಂ ಇಳಿದು ಬಂದರು. ಕುಮಟೆಯ ಐಟಿಐನಲ್ಲಿ ಮೂವತ್ತು ವರ್ಷ ಡೀಸೆಲ್ ಇಂಜಿನ್ ಪಾಠ ಹೇಳಿ ನಿವೃತ್ತರಾದವರು. ರಾಜೀವ ಅವರ ಶಿಷ್ಯ, ಈಗ ಅವರು ಅವನ ಗ್ಯಾರೇಜಿನ ಮೇಲಿನ ಮನೆಯ ಬಾಡಿಗೆದಾರರು. ಬ್ಯಾಟರಿ ಬದಲಾದರೂ ಪಂಪು ಕಳೆದರೂ ಊರವರು ಪೋಲೀಸರಿಗಿಂತ ಮೊದಲು ಬರುವುದು ಅವರ ಬಳಿಗೇ.

"ಅಳಬೇಡ ಮಾರಾಯ್ತಿ, ಕುಳಿತುಕೋ. ರಾಜೀವ, ಚೂರು ಎಲ್ಲಿ?"

ಮೇಡಂ ಚೂರನ್ನು ಬೆಳಕಿಗೆ ಹಿಡಿದರು. ತೆಂಗಿನ ತುರಿಯಂತೆ ಉದ್ದುದ್ದ, ಸುರುಳಿ ಸುರುಳಿ. ಅಯಸ್ಕಾಂತ ಹಿಡಿದರೆ ಒಂದೂ ಅಂಟಲಿಲ್ಲ. ಗುಜರಿ ಡಬ್ಬಿಯಿಂದ ಹಳೇ ಫಿಲ್ಟರ್ ತರಿಸಿ ಗರಗಸದಲ್ಲಿ ಕೊಯ್ಯಿಸಿದರು. ಒಳಗಿನ ಕಾಗದದ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿದರು. ರಾಜೀವನಿಗೆ ಕಂಡದ್ದು ಬರೀ ಕಪ್ಪು ಮಸಿ.

"ಎಣ್ಣೆ ಹಿಡಿದ ಕ್ಯಾನು?"

ನೀಲಿ ಕ್ಯಾನು ಮೂಲೆಯಲ್ಲೇ ಬಿದ್ದಿತ್ತು. ಮೇಡಂ ತಳಕ್ಕೆ ಬೆರಳು ಹಾಕಿದರು. ಬೆರಳಿಗೆ ದಪ್ಪಗೆ ಕಂದು ಜಿಡ್ಡು ಅಂಟಿ ಬಂತು. ಅವರು ಅದನ್ನು ಮೂಸಿ, ಕಾಗದಕ್ಕೆ ಒರೆಸಿ ಮಡಚಿಟ್ಟರು. ಕೊನೆಗೆ ದುರ್ಗಿಯ ಫೋನಿನಲ್ಲಿ ವಿಡಿಯೋ ನೋಡಿದರು. ಮೊದಲ ಚಿತ್ರದಲ್ಲಿ ಪಂಚೆ ಬಿಳಿಯಾಗಿ ಒಣಗಿತ್ತು, ಎಣ್ಣೆಯ ಒಂದು ಹನಿಯೂ ಬಿದ್ದಿರಲಿಲ್ಲ. ಸಂತೋಷನ ದನಿ ಮಾತ್ರ ಕೇಳುತ್ತಿತ್ತು: "ನೋಡಿ, ನಮ್ಮ ಲಾರಿ ಇಂಜಿನ್ ಗತಿ ಎಂತ ಆಗಿದೆ ನೋಡಿ." ಮೇಡಂ ಅಷ್ಟನ್ನೇ ಮೂರು ಸಲ ನೋಡಿದರು.

"ದುರ್ಗಿ, ಈ ಸಂತೋಷನಿಗೂ ನಿನ್ನ ಗಂಡನಿಗೂ ಏನಾದರೂ ಜಗಳ ಇತ್ತೆ?"

"ಜಗಳ ಎಂತದ್ದು? ಮೇ ತಿಂಗಳಲ್ಲಿ ಲಾರಿ ಕೇಳದೇ ತಕಂಡು ಅಪ್ಸರಕೊಂಡದ ಸಮುದ್ರಕ್ಕೆ ದೋಸ್ತರ ಸಂಗ್ತಿಗೆ ಹೋಗಿದ್ದ. ಚಕ್ರ ಹೊಯ್ಗೆಯಲ್ಲಿ ಹೂತು ಹೋಯ್ತು. ಇವ್ರೇ ಹೋಗಿ ಎಳೆಸಿದ್ದು. ಸಾವ್ಕಾರ್ರು ಕೇಳಿದಾಗ ಇದ್ದದ್ದು ಹೇಳಿದ್ರು. ಅವತ್ತಿಂದ ಸಾವ್ಕಾರ್ರು ಅವ್ನಿಗೆ ಲಾರಿ ಮುಟ್ಟೂಕೆ ಬಿಡ್ಲಿಲ್ಲ."

"ಆತು" ಎಂದರು ಮೇಡಂ. "ರಾಜೀವ, ನಾಲ್ಕು ಗಂಟೆಗೆ ಎಲ್ಲರೂ ಇಲ್ಲಿರಲಿ. ಕಾಸರಕೋಡದ ಲೇತ್ ಜಟ್ಟನನ್ನೂ ಕರೆ."

ನಾಲ್ಕು ಗಂಟೆಗೆ ಮಳೆ ಹೊಯ್ಯುತ್ತಿತ್ತು. ಅಣ್ಣಪ್ಪ ಬಿಮ್ಮನೆ ಸ್ಟೂಲಿನ ಮೇಲೆ ಕುಳಿತ. ಸಂತೋಷ ಬಾಗಿಲಿಗೆ ಒರಗಿದ. ಗಣಪ ನಿನ್ನೆಯಿಂದ ಗ್ಯಾರೇಜಿನಲ್ಲೇ ಉಳಿದಿದ್ದ ಲಾರಿಯ ಚಕ್ರದ ಬಳಿ ತಲೆ ತಗ್ಗಿಸಿ ನಿಂತ, ದುರ್ಗಿ ಅವನ ಪಕ್ಕದಲ್ಲಿ. ಲೇತ್ ಯಂತ್ರದಲ್ಲಿ ಲೋಹ ತಿರುಗಿಸಿ ಬೋಟಿನ ಸಾಮಾನು ಕಡೆಯುವ ಜಟ್ಟ ಕೈ ಒರೆಸಿಕೊಳ್ಳುತ್ತ ಒಳಗೆ ಬಂದ.

"ಅಣ್ಣಪ್ಪನವರೆ, ನಿಮ್ಮ ಲಾರಿಯ ಇಂಜಿನ್ನಿಗೆ ಏನೂ ಆಗಿಲ್ಲ" ಎಂದರು ಮೇಡಂ. "ಈ ಚೂರು ಅದರ ಒಳಗೆ ಇರಲೇ ಇಲ್ಲ."

"ನಾನು ಕಣ್ಣಾರೆ ನೋಡಿದ್ದೆ!" ಎಂದ ಸಂತೋಷ.

"ನೋಡಿದ್ದೀಯ, ಎಲ್ಲರಿಗಿಂತ ಮೊದಲೇ ನೋಡಿದ್ದೀಯ. ಅದಕ್ಕೆ ಆಮೇಲೆ ಬರುತ್ತೇನೆ." ಮೇಡಂ ಕೊಯ್ದ ಫಿಲ್ಟರನ್ನು ಅಣ್ಣಪ್ಪನ ಕೈಗೆ ಕೊಟ್ಟರು. "ಇಂಜಿನ್ನಿನಲ್ಲಿ ತಿರುಗುವ ಎಣ್ಣೆ ಈ ಕಾಗದ ದಾಟಿಯೇ ಹೋಗಬೇಕು. ಒಂದು ಹಿಡಿ ಲೋಹ ಅರೆದಿದ್ದರೆ ಅದರ ಸಣ್ಣ ಪುಡಿ ಈ ಮಡಿಕೆಗಳಲ್ಲಿ ಚಿನ್ನದ ಹಾಗೆ ಮಿನುಗಬೇಕಿತ್ತು. ಒಂದು ಕಣವೂ ಇಲ್ಲ. ಎಣ್ಣೆಯಿಲ್ಲದೆ ಓಡಿದ ಇಂಜಿನ್ನಿನ ಬುಶ್ ಅರೆದು ಚಪ್ಪಟೆ ಹಕ್ಕಳೆಯಾಗುತ್ತದೆ, ಪುಡಿಯಾಗುತ್ತದೆ. ಹೀಗೆ ಸುರುಳಿಯಾಗುವುದಿಲ್ಲ. ಜಟ್ಟ, ಇದು ಏನು ಹೇಳು."

ಜಟ್ಟ ಒಂದು ಚೂರನ್ನು ಉಗುರಿನಲ್ಲಿ ತಿರುಗಿಸಿದ. "ಇದು ಕಡೆದದ್ದು ಮೇಡಂ. ಲೇತಿನ ಉಳಿಯಿಂದ ಬಿದ್ದದ್ದು. ಹೋದ ವಾರ ಅಣ್ಣಪ್ಪಣ್ಣನ ಬೋಟಿನ ನೀರಡಿಯ ಫ್ಯಾನಿನ ರಾಡಿಗೆ ಬುಶ್ ಕಡೆದಿದ್ದೆ, ಅದರದ್ದೇ. ಬುಶ್ ತಕಂಡು ಹೋಗೂಕೆ ಸಂತೋಷ ಬಂದಿದ್ದ. ಮೀನುಗಾರರ ಸೊಸೈಟಿಯವ್ರಿಗೆ ಬುಶ್ ಯಾವ ಲೋಹದ್ದು ಅಂತ ತೋರಿಸೂಕೆ ಬೇಕು ಅಂದು ಒಂದು ಹಿಡಿ ಚೂರನ್ನೂ ಕೇಳಿ ಕಟ್ಟಿಸ್ಕೊಂಡ. ಗುಜರಿಗೆ ಹೋಗೂದು ತಾನೇ ಅಂತ ಕೊಟ್ಟೆ."

ಅಣ್ಣಪ್ಪನ ತಲೆ ನಿಧಾನಕ್ಕೆ ಬಾಗಿಲ ಕಡೆ ತಿರುಗಿತು.

"ಚೂರು ಇಂಜಿನ್ನಿನಿಂದ ಬರಲಿಲ್ಲ ಅಂದಮೇಲೆ ಕ್ಯಾನಿನಿಂದ ಬಂತು" ಎಂದರು ಮೇಡಂ. "ಗ್ಯಾರೇಜಿನ ಟ್ರೇ ಬೇಡ ಎಂದು ಆ ಕ್ಯಾನು ಕೊಟ್ಟವನು ಸಂತೋಷ. ಸ್ಕೂಟರಿನ ಮೇಲೆ ಚೂರು ಗಲಗಲ ಎನ್ನಬಾರದಲ್ಲ, ಅದಕ್ಕೆ ತಳಕ್ಕೆ ಗ್ರೀಸು ಬಳಿದು ಅದರಲ್ಲಿ ಅಂಟಿಸಿದ. ಬಿಸಿ ಎಣ್ಣೆಗೆ ಗ್ರೀಸು ಸಡಿಲಿ ಚೂರು ಎದ್ದಿತು. ಉಳಿದ ಗ್ರೀಸು ಇಗೋ, ಚೂರಿನ ಸಮೇತ ತಳದಲ್ಲೇ ಇದೆ. ಯಾವ ಇಂಜಿನ್ ಎಣ್ಣೆಯಲ್ಲಿ ಗ್ರೀಸು ಇರುತ್ತದೆ? ರಾಜೀವ ಸೋಸಿಯೇ ಕೊಡುತ್ತಾನೆ ಎಂದು ನಿಮ್ಮ ಅಳಿಯನಿಗೆ ಗೊತ್ತಿತ್ತು. ಫಿಲ್ಟರ್ ನೋಡುತ್ತಾರೆ ಎಂದು ಗೊತ್ತಿರಲಿಲ್ಲ."

"ಸುಳ್ಳು! ಕ್ಯಾನಲ್ಲಿ ಮೊದಲೇ ಎಂತದೋ ಇದ್ದಿರಬೇಕು, ನಂಗೆಂತ ಗೊತ್ತು?"

"ಗೊತ್ತಿಲ್ಲದವನು, ಬಟ್ಟೆ ಬಿಳಿಯಾಗಿರುವಾಗಲೇ ಇಂಜಿನ್ ಗತಿ ನೋಡಿ ಎಂದದ್ದು ಹೇಗೆ?" ಮೇಡಂ ವಿಡಿಯೋ ಹಾಕಿದರು. ಒಣಗಿದ ಪಂಚೆ, ಅದರ ಹಿಂದೆ ಸಂತೋಷನ ದನಿ.

ರಾಜೀವನಿಗೆ ತಡೆಯಲಾಗಲಿಲ್ಲ. "ಥೂ ನಿನ್ನ! ಸಮುದ್ರಕ್ಕೆ ಲಾರಿ ಇಳಿಸಿದ್ದು ನೀನು, ಎಳೆದು ತಂದದ್ದು ಅವ. ಇದ್ದದ್ದು ಹೇಳಿದ್ದಕ್ಕೆ ಕಳ್ಳ ಮಾಡಿದೀಯಲ್ಲೋ! ನನ್ನ ಕೈಯಿಂದಲೇ ಸೋಸಿಸಿದೀಯಲ್ಲೋ!"

ಸಂತೋಷ ನೆಲ ನೋಡಿದ. "ಕೀಲಿ ನಂಗೆ ಕೊಡ್ಲಿ ಅಂತ... ಅಷ್ಟೇ ಮಾವ" ಎಂದ.

ಅಣ್ಣಪ್ಪ ಎದ್ದ. ಜೇಬಿನಿಂದ ಲಾರಿಯ ಕೀಲಿ ತೆಗೆದು ಗಣಪನತ್ತ ಚಾಚಿದ. "ತಕೋ ಗಣಪ. ಆದದ್ದು ಆಗಿ ಹೋಯ್ತು."

ಗಣಪ ಕೈ ನೀಡಲಿಲ್ಲ. ಎರಡು ದಿನದಲ್ಲಿ ಮೊದಲ ಸಲ ತಲೆ ಎತ್ತಿ ಮಾತಾಡಿದ. "ಸಾವ್ಕಾರ್ರೆ, ಕಳ್ಳ ಅಂದದ್ದು ಇಲ್ಲಲ್ಲ. ಬಂದರದಲ್ಲಿ, ನಲವತ್ತು ಜನರ ಎದುರು. ಕೀಲಿ ಕಿತ್ತದ್ದೂ ಅಲ್ಲೇ. ಅಲ್ಲೇ ಕೊಡಿ."

ಅಣ್ಣಪ್ಪನ ಮುಖ ಕೆಂಪಾಗಿ, ಹಾಗೆಯೇ ಇಳಿಯಿತು. ಅವನು ಕೊಡೆ ಎತ್ತಿಕೊಂಡ. "ಆತು. ನಡಿ."

"ಹೋಯ್, ನಿಲ್ಲಿ!" ಎಂದಳು ದುರ್ಗಿ. "ಆ ವಿಡಿಯೋ ನೋಡಿದವ್ರು ನಲವತ್ತೇ ಜನ ಅಲ್ಲ. ಸಂತೋಷ, ನೀನೂ ಬಾ. ಫೋನ್ ಇದೆಯಲ್ಲ? ಇದನ್ನೂ ನೀನೇ ಹಿಡಿ."

ಬಂದರದಲ್ಲಿ ಬಲೆಯವರೆಲ್ಲ ಕೆಲಸ ನಿಲ್ಲಿಸಿ ಎದ್ದರು. ಅಣ್ಣಪ್ಪ ಕೊಡೆ ಮಡಚಿ, ಮಳೆಯಲ್ಲೇ ನಿಂತು, "ಗಣಪ ಕದ್ದಿಲ್ಲ. ನಾನು ಕೇಳದೇ ಅಂದೆ. ನನ್ನದು ತಪ್ಪಾಯ್ತು" ಎಂದು ಗಟ್ಟಿಯಾಗಿ ಹೇಳಿ ಕೀಲಿ ಕೊಟ್ಟ. ಈ ಸಲ ಗಣಪ ಕೈ ನೀಡಿದ. ಸಂಜೆ ಆ ವಿಡಿಯೋ ಅದೇ ಗ್ರೂಪಿಗೆ ಬಂತು. ರಾಜೀವ ಮಾಲಿನಿ ಮೇಡಂಗೆ ತೋರಿಸಲು ಮಹಡಿಗೆ ಓಡಿದ. ಸಂತೋಷ ಹಿಡಿದ ಫೋನಿಗೆ ಮಳೆ ಹನಿ ಬಿದ್ದು ಚಿತ್ರವೆಲ್ಲ ಮಸುಕಾಗಿತ್ತು, ಅಣ್ಣಪ್ಪನ ಮಾತು ಮಾತ್ರ ಸರಿಯಾಗಿ ಕೇಳುತ್ತಿತ್ತು.