ಡಬ್ಬಿಯ ತಳದ ಮೇಣ

“ಆ ಡಬ್ಬಿ ಮುಟ್ಟಬೇಡಮ್ಮ. ಮುಟ್ಟಿದ್ರೂ ಅದ್ರಲ್ಲಿ ಮುಖ ಬರೀಬೇಡ. ಬರೆದ್ರೂ ಕೆರೀಬೇಡ.”

ಪಕ್ಕದ ಕೋಣೆಯಲ್ಲಿ ಚಿತ್ರಗಳಿಗೆ ಚೌಕಟ್ಟು ಹಾಕುವ ಹೆಂಗಸು ಹೊಸ್ತಿಲಾಚೆಯೇ ನಿಂತು ಹೇಳಿದಳು. ಚಿತ್ರಗಾರ್ತಿ ಆ ಕೋಣೆಯನ್ನು ಬಾಡಿಗೆಗೆ ಹಿಡಿದು ಎರಡು ದಿನವಾಗಿತ್ತಷ್ಟೆ. ಮೊದಲಿದ್ದ ಚಿತ್ರಗಾರ ಬಿಟ್ಟುಹೋದ ಕಪಾಟಿನಲ್ಲಿ ಆ ತಗಡಿನ ಡಬ್ಬಿ ಸಿಕ್ಕಿತ್ತು. ತಳದಲ್ಲಿ ಎರಡು ಬೆರಳಿನಷ್ಟು ಮೇಣ. ತಾನು ಬರೆದ ಮುಖಗಳಿಗೆ ಜೀವ ಬರಲಿ ಎಂದು ಅವನು ಯಾವನೋ ಮಾಟಗಾರನ ಕಾಲು ಹಿಡಿದು ಆ ಮೇಣಕ್ಕೆ ಮಂತ್ರ ಹಾಕಿಸಿದ್ದನಂತೆ. ಜೀವವೇನೋ ಬಂತಂತೆ. ಆದರೆ ಚಿತ್ರದಲ್ಲಿ ಏನನ್ನು ಕೆರೆದನೋ ಅದು ಮನುಷ್ಯರಲ್ಲೂ ಹೋಯಿತಂತೆ. ಹೆಂಗಸು ಎಡಗಡೆಯ ಕೂದಲು ಸರಿಸಿ ತೋರಿಸಿದಳು. ಕಿವಿ ಇರಬೇಕಾದ ಕಡೆ ಗಾಯವಿಲ್ಲ, ಕಲೆಯಿಲ್ಲ, ಬರೀ ನುಣುಪು ಚರ್ಮ.

ಪಾಪ, ಹುಟ್ಟಿನಿಂದಲೇ ಹಾಗಿರಬೇಕು ಎಂದುಕೊಂಡಳು ಚಿತ್ರಗಾರ್ತಿ. ಹೇಳಿದ್ದನ್ನು ಕೇಳುವ ಜಾಯಮಾನ ಅವಳದಲ್ಲ. ಕೆರೆಯದೆ ಈ ಕೆಲಸ ಮಾಡುವುದಾದರೂ ಹೇಗೆ ಎಂದು ಮುಖದ ಮೇಲೇ ನಕ್ಕುಬಿಟ್ಟಳು.

ಆ ಕೆಲಸವೇ ಹಾಗೆ, ಏನು ಮಾಡುವುದು ಹೇಳಿ. ಜೇನುಮೇಣವನ್ನು ಕಾಯಿಸದೆ ಟರ್ಪೆಂಟೈನಿನಲ್ಲಿ ಮೆತ್ತಗೆ ಮಾಡಿ, ಎಣ್ಣೆಬಣ್ಣಕ್ಕೆ ಕಲಸಿ, ಅಂಗೈಯಗಲದ ಹಲಗೆಯ ಮೇಲೆ ಚಾಕುವಿನಿಂದ ಹಚ್ಚಬೇಕು. ಬೇಡವಾದದ್ದನ್ನು ಕೆರೆಯಬೇಕು, ಚಾಕುವನ್ನು ಟರ್ಪೆಂಟೈನಿನ ಬಟ್ಟೆಗೆ ಒರೆಸಬೇಕು, ಮತ್ತೆ ಹಚ್ಚಬೇಕು. ಹಚ್ಚುವುದಕ್ಕಿಂತ ಕೆರೆಯುವುದೇ ಜಾಸ್ತಿ. ಪ್ರದರ್ಶನಕ್ಕೆ ಹತ್ತೇ ದಿನ ಬಾಕಿ. ಅವಳು ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ತನ್ನ ಮೇಣ ಮುಗಿದದ್ದೇ ನೆಪ, ಡಬ್ಬಿಯ ಮುಚ್ಚಳ ಎಬ್ಬಿಸಿಯೇಬಿಟ್ಟಳು. ಜೇನಿನ ಸಿಹಿ ವಾಸನೆ. ಅದರಡಿಯಲ್ಲಿ ಸುಟ್ಟ ಕೂದಲಿನ ಕಮಟು.

ಮೊದಲು ಕನ್ನಡಿ ಇಟ್ಟುಕೊಂಡು ತನ್ನದೇ ಮುಖ ಬರೆದಳು. ಅಬ್ಬಾ, ಎಂಥ ಮುಖ! ಹಲಗೆಯೊಳಗಿಂದ ಈಗ ಮಾತಾಡೀತು ಎನ್ನುವ ಹಾಗಿತ್ತು. ಆಮೇಲೆ ಅಂಚೆಯವನದು. ಅವನ ಮೂಗಿನ ಪಕ್ಕದ ನರುಳ್ಳೆ ಚಿತ್ರಕ್ಕೆ ಒಪ್ಪಲಿಲ್ಲವೆಂದು ಕೆರೆದಳು. ಮಾರನೆಯ ದಿನ ಕಾಗದ ಕೊಡಲು ಬಂದ ಅಂಚೆಯವನ ಮೂಗಿನ ಪಕ್ಕ ಏನೂ ಇರಲಿಲ್ಲ. ಹೇಗೆ ಉದುರಿತೋ ಗೊತ್ತಿಲ್ಲ, ಹೆಂಡತಿಗಂತೂ ಖುಷಿಯೋ ಖುಷಿ ಎಂದು ಹೇಳಿಕೊಂಡು ಹೋದ. ಚಿತ್ರಗಾರ್ತಿಗೆ ಚೌಕಟ್ಟಿನ ಹೆಂಗಸಿನ ಮಾತು ನೆನಪಾಯಿತು. ಆದರೂ ತಲೆ ಕೆಡಿಸಿಕೊಳ್ಳಲಿಲ್ಲ. ಕೆಡಿಸಿಕೊಳ್ಳಬೇಕಿತ್ತು.

ಮೂರನೆಯದು ತಂಗಿಯ ಮುಖ. ತಂಗಿ ಕೈಗಡಿಯಾರ ರಿಪೇರಿ ಮಾಡುವವಳು. ಇಡೀ ಬೀದಿಯವರು ಬರಿಗಣ್ಣಿಗೆ ಕಾಣದ ತಿರುಪನ್ನು ಅವಳ ಹತ್ತಿರ ಹುಡುಕಿಸುತ್ತಿದ್ದರು. ಆ ಕಣ್ಣುಗಳೇ ಅವಳ ಬದುಕು. ಮಧ್ಯಾಹ್ನ ಅಂಗಡಿ ಮುಚ್ಚಿ ಬಂದವಳು ಕಿಟಕಿಯ ಬಿಸಿಲಿನಲ್ಲಿ ಸ್ಟೂಲಿನ ಮೇಲೆ ಕೂತು, ಬೇಗ ಮುಗಿಸು ಹಸಿವಾಗ್ತಿದೆ ಎಂದು ಗೊಣಗುತ್ತಿದ್ದಳು. ಡಬ್ಬಿಯ ಮೇಣವೆಲ್ಲ ಆ ಹಲಗೆಗೇ ಮುಗಿಯಿತು. ಮುಖ, ಕೊರಳು ಚೆನ್ನಾಗಿ ಬಂದವು. ಕಣ್ಣುಗಳು ಮಾತ್ರ ಆ ಗೊಣಗಾಟವನ್ನೆಲ್ಲ ಹೀರಿಕೊಂಡು ಸಿಡುಕುತ್ತಿದ್ದವು. ಚಿತ್ರಗಾರ್ತಿ ಹಿಂದೆಮುಂದೆ ನೋಡಲಿಲ್ಲ. ಚಾಕುವಿನಿಂದ ಒಂದೇ ಎಳೆತ. ಅಭ್ಯಾಸಬಲ, ಚಾಕುವನ್ನು ಬಟ್ಟೆಗೆ ಒರೆಸಿಯೂಬಿಟ್ಟಳು.

“ಕರೆಂಟ್ ಹೋಯ್ತಾ ಅಕ್ಕ?”

ಸುಡುಸುಡು ಬಿಸಿಲು. ತಂಗಿಯ ಹುಬ್ಬುಗಳ ಕೆಳಗೆ ರೆಪ್ಪೆಯಿಲ್ಲ, ಗುಳಿಯಿಲ್ಲ. ನುಣುಪು ಚರ್ಮ.

ಚಿತ್ರಗಾರ್ತಿ ಚೀರಿದ ಸದ್ದಿಗೆ ಚೌಕಟ್ಟಿನ ಹೆಂಗಸು ಓಡಿಬಂದಳು. ಬಟ್ಟೆಯಲ್ಲಿದ್ದದ್ದು ಟರ್ಪೆಂಟೈನಿಗೆ ಕರಗಿ ಕೆಸರಾಗಿತ್ತು. ಡಬ್ಬಿ ಖಾಲಿ. ಬೇರೆ ಮೇಣ ತಂದು ಹಚ್ಚಿದರೆ ಆಗದೇ ಎಂದು ಇವಳು ಗೋಗರೆದಳು. ಹೆಂಗಸು ತಲೆಯಾಡಿಸಿದಳು.

“ಇದೇ ಮೇಣ ಆಗ್ಬೇಕು. ಕಣ್ಣಿಗೆ ಇನ್ನೊಬ್ಬರ ಚಿತ್ರದ ಕಣ್ಣಿಂದೇ ಆಗ್ಬೇಕು. ನಾನು ಯಾರ ಕಿವೀನೂ ಕೇಳ್ಲಿಲ್ಲ.”

ಅಷ್ಟು ಹೇಳಿ ಗೋಡೆಯ ಕಡೆ ನೋಡಿದಳು. ಅಲ್ಲಿ ಅಂಚೆಯವನ ಮುಖವಿತ್ತು, ಪಕ್ಕದಲ್ಲಿ ಇವಳದು. ಮುಂದಾಗುವುದನ್ನು ನೋಡುವ ಧೈರ್ಯ ಅವಳಿಗಿರಲಿಲ್ಲ, ಬಾಗಿಲೆಳೆದುಕೊಂಡು ಹೊರಟುಹೋದಳು.

ಸುಳ್ಳೇಕೆ ಹೇಳಬೇಕು, ಚಿತ್ರಗಾರ್ತಿಯ ಚಾಕು ಮೊದಲು ಹೋದದ್ದು ಅಂಚೆಯವನ ಕಡೆಗೇ. ಅವನ ಹೆಂಡತಿಯ ಖುಷಿ ನೆನಪಾಯಿತು. ಕೈ ಮುಂದೆ ಹೋಗಲಿಲ್ಲ. ತನ್ನ ಹಲಗೆಯನ್ನು ಇಳಿಸಿಕೊಂಡಳು. ಒಂದು ಕಣ್ಣು ಸಾಕು. ತನಗೊಂದು, ತಂಗಿಗೊಂದು. ಇಬ್ಬರೂ ಬದುಕಿಕೊಳ್ಳಬಹುದು.

ಸ್ಟೂಲಿನ ಮೇಲೆ ತಂಗಿ ಈಗ ಅಳತೊಡಗಿದ್ದಳು. ಕಣ್ಣಿಲ್ಲದ ಅಳು, ಬರೀ ಗಂಟಲಿನದು. ಮೇಣ ಇನ್ನೂ ಹಸಿ. ಎಡಗಣ್ಣಿಗೆ ಅಲಗು ತಾಗಿಸಿದಳು. ಒತ್ತಿದಳು. ಅಲಗು ಜಾರಿತು. ಮೂಗು ದಾಟಿತು. ಎರಡೂ ಬಂದವು.

ಕತ್ತಲು.

ರೆಪ್ಪೆ ಬಡಿಯಲು ನೋಡಿದಳು. ಬಡಿಯಲು ರೆಪ್ಪೆಯಿರಲಿಲ್ಲ. ಚಾಕು ಬೀಳಬಾರದು. ಮೇಣ ಬೀಳಬಾರದು. ತಂಗಿಯ ಹಲಗೆ ಎಲ್ಲಿ? ಮೇಜು ತಡವಿದಳು. ಏನೋ ಉರುಳಿತು. ಹಲಗೆ ಸಿಕ್ಕಿತು, ಜಾರಿತು, ನೆಲಕ್ಕೆ ಬಿತ್ತು. ಮಂಡಿಯೂರಿ ತಡಕಿದಳು. ಟರ್ಪೆಂಟೈನಿನ ಘಾಟು ಮೂಗಿಗೆ ಹೊಡೆಯಿತು. ಸಿಕ್ಕಿತು. ಮೇಲು ಯಾವುದು, ಕೆಳಗು ಯಾವುದು ತಿಳಿಯಲಿಲ್ಲ. ಬೆರಳು ಮೇಲೆ ಆಡಿಸಿದಳು. ಒಂದು ಉಬ್ಬು. ಮೂಗು. ಮೂಗೇ ಇರಬೇಕು. ಅದರ ಮೇಲೆ ಆಚೆಗೊಂದು, ಈಚೆಗೊಂದು. ಮೆಲ್ಲಗೆ ಮೆತ್ತಿದಳು. ಉಸಿರು ಬಿಗಿಹಿಡಿದು ಕಾದಳು.

ತಂಗಿಯ ಅಳು ನಿಂತಿತು.

“ಕಾಣ್ತಿದೆ. ಅಕ್ಕ, ಕಾಣ್ತಿದೆ.”

ಚಿತ್ರಗಾರ್ತಿ ನೆಲದ ಮೇಲೇ ಕುಸಿದು ಬಿಕ್ಕಿದಳು. ತನಗೆ ಹೋದರೆ ಹೋಗಲಿ, ಇವಳಿಗೆ ಬಂತಲ್ಲ, ಅಷ್ಟು ಸಾಕು ಎನಿಸಿತು. ಅಷ್ಟರಲ್ಲಿ ತಂಗಿಯ ದನಿ ಸಣ್ಣದಾಯಿತು.

“ನೆಲ ಕಾಣ್ತಿದೆ. ತಲೆ ಪೂರ್ತಿ ಮೇಲೆತ್ತಿದ್ರೆ ಮಾತ್ರ ನೀನು ಕಾಣ್ತೀಯ. ಯಾಕಕ್ಕ?”

ಚಿತ್ರಗಾರ್ತಿ ತೆವಳಿಕೊಂಡು ಹೋಗಿ ಅವಳ ಮುಖಕ್ಕೆ ಕೈಯಿಟ್ಟಳು. ಹಣೆ. ಹುಬ್ಬು. ಅದರ ಕೆಳಗೆ ಇನ್ನೂ ಅದೇ ನುಣುಪು. ಕೈ ಕೆಳಗಿಳಿಯಿತು. ಮೂಗು, ತುಟಿ, ಗದ್ದ. ಗದ್ದ ದಾಟಿ ಕೊರಳಿನ ಮೇಲೆ ಬೆರಳಿಟ್ಟಾಗ, ಎರಡು ಒದ್ದೆ ರೆಪ್ಪೆಗಳು ಬೆರಳಿಗೆ ಹೆದರಿ ಪಟಕ್ಕನೆ ಮುಚ್ಚಿಕೊಂಡವು.